ಮನೆಯ ಚಿಲ್ಲರೆ ಖಾನೆ: ಕೂಡಿಡುವಿಕೆ, ವಿಂಗಡಣೆ ಮತ್ತು ವಿಲೇವಾರಿ

ಪಟ್ಟಣದ ಮಧ್ಯಮವರ್ಗದ ಮನೆಗಳಲ್ಲಿ ಟೀವಿ ಮೇಜಿನ ಕೆಳಗೋ ಅಡುಗೆಕಟ್ಟೆಯ ಪಕ್ಕದಲ್ಲೋ ಬೀರುವಿನ ನಡುಮಟ್ಟದಲ್ಲೋ ಒಂದು ಡ್ರಾಯರ್ ಇರುತ್ತದೆ; ಅದರೊಳಗೆ ಬಳಸಿ ಉಳಿದ ಸೆಲ್ಲು, ಯಾವ ಬೀಗದ್ದೆಂದು ತಿಳಿಯದ ಕೀಲಿ, ಹೋಟೆಲಿನ ಪಾರ್ಸಲ್ಲಿನಿಂದ ಬಿಚ್ಚಿಟ್ಟ ರಬ್ಬರ್ ಬ್ಯಾಂಡು, ಹಿಂದಿನ ಫೋನಿನ ಚಾರ್ಜರು, ಕುಕ್ಕರಿನ ಗ್ಯಾಸ್ಕೆಟ್ಟು, ಸೂಜಿ-ದಾರ, ಅರ್ಧ ಕತ್ತರಿಸಿದ ಮಾತ್ರೆಯ ಪಟ್ಟಿ, ವಾರಂಟಿ ಕಾರ್ಡು, ಚಲಾವಣೆ ತಪ್ಪಿದ ನಾಣ್ಯ ಮುಂತಾದವು ಒಂದರ ಮೇಲೊಂದು ಬಿದ್ದಿರುತ್ತವೆ. ಬಟ್ಟೆಗೆ, ಪಾತ್ರೆಗೆ, ದಿನಸಿಗೆ, ಪುಸ್ತಕಕ್ಕೆ ಮನೆಯಲ್ಲಿ ಗೊತ್ತಾದ ಸ್ಥಳಗಳಿದ್ದು, ಆ ಯಾವ ಸ್ಥಳಕ್ಕೂ ಸೇರದ ವಸ್ತುಗಳು ಕೊನೆಗೆ ಬಂದು ತಂಗುವ ಈ ಜಾಗವನ್ನು ಪ್ರಸ್ತುತ ಲೇಖನದಲ್ಲಿ ಚಿಲ್ಲರೆ ಖಾನೆ ಎಂದು ಕರೆಯಲಾಗಿದೆ. ಅದನ್ನು ಚೊಕ್ಕಟಗೊಳಿಸುವುದು ಹೇಗೆಂಬ ಬಗ್ಗೆ ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿರುವ ಸಲಹಾ ಸಾಹಿತ್ಯ ಸಣ್ಣದೇನಲ್ಲ. ಆದರೆ ಆ ಸಾಹಿತ್ಯದ ಬಹುಭಾಗ ಎರಡು ಬೇರೆ ಬೇರೆ ತೊಡಕುಗಳನ್ನು ಒಂದೇ ಎಂದು ಭಾವಿಸಿ ಹೊರಡುತ್ತದೆ. ಖಾನೆಯಲ್ಲಿರುವ ಕೆಲವು ವಸ್ತುಗಳು ನಿಜವಾಗಿಯೂ ಬೇಕಾದವು, ಅವುಗಳಿಗೆ ಇಲ್ಲದಿರುವುದು ನೆಲೆ ಮಾತ್ರ. ಇನ್ನು ಕೆಲವು ವಸ್ತುಗಳ ವಿಷಯದಲ್ಲಿ ಇಡಬೇಕೋ ಬಿಡಬೇಕೋ ಎಂಬ ತೀರ್ಮಾನವೇ ಆಗಿರುವುದಿಲ್ಲ. ಮೊದಲನೆಯ ಬಗೆಗೆ ಬೇಕಾದದ್ದು ವಿಂಗಡಣೆ, ಎರಡನೆಯದಕ್ಕೆ ಬೇಕಾದದ್ದು ನಿರ್ಧಾರ. ಅಂಗಡಿಯಿಂದ ಪ್ಲಾಸ್ಟಿಕ್ ತಟ್ಟೆ, ಡಬ್ಬಿಗಳನ್ನು ತಂದು ಜೋಡಿಸಿದರೆ ನಿರ್ಧಾರವಾಗದ ವಸ್ತುಗಳು ಅಂದವಾದ ಡಬ್ಬಿಯೊಳಗೆ ಮುಂದುವರಿಯುತ್ತವೆ. ಎಲ್ಲವನ್ನೂ ಒಂದೇ ದಿನ ಹೊರಹಾಕಿದರೆ ಮರುವಾರವೇ ಕುಕ್ಕರಿನ ಸೇಫ್ಟಿ ವಾಲ್ವ್ ಹುಡುಕಿಕೊಂಡು ಅಂಗಡಿಗೆ ಹೋಗಬೇಕಾಗುತ್ತದೆ.

ಡ್ರಾಯರ್ ಎಂಬ ಸಾಧನ ಈ ನಾಡಿನ ಮನೆಗಳಿಗೆ ತೀರ ಹಳೆಯದಲ್ಲ. ಗೋಡೆಯಲ್ಲಿ ಕೊರೆದ ಗೂಡು, ಅಟ್ಟ, ಮರದ ಪೆಟ್ಟಿಗೆ, ನೆಲುವು, ಗೋಡೆಗೆ ಬಡಿದ ಗೂಟ ಇವೇ ಹಿಂದಿನ ಮನೆಯ ಮುಖ್ಯ ಸಂಗ್ರಹ ಸ್ಥಾನಗಳಾಗಿದ್ದವು. ಯೂರೋಪಿನ ಮಾದರಿಯ ಮೇಜು ಬಂದ ಮೇಲೆ, ಅನಂತರ ಉಕ್ಕಿನ ಬೀರು ಬಂದ ಮೇಲೆ, ಕೊನೆಗೆ ಇತ್ತೀಚಿನ ಮಾಡ್ಯುಲರ್ ಅಡುಗೆಮನೆಯೊಂದಿಗೆ ಡ್ರಾಯರುಗಳ ಸಂಖ್ಯೆ ಹಂತಹಂತವಾಗಿ ಹೆಚ್ಚಿತು. ಗೂಡಿಗೂ ಡ್ರಾಯರಿಗೂ ನಡುವಿನ ವ್ಯತ್ಯಾಸ ಈ ಚರ್ಚೆಗೆ ಮುಖ್ಯವಾದದ್ದು. ಗೂಡು ತೆರೆದ ಮುಖದ್ದು, ಅದರಲ್ಲಿಟ್ಟದ್ದು ಓಡಾಡುವವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಹೆಚ್ಚಾದರೆ ಹೊರಚೆಲ್ಲಿ ತಾನೇ ಗಮನ ಸೆಳೆಯುತ್ತದೆ. ಡ್ರಾಯರಾದರೋ ಮುಚ್ಚಿದೊಡನೆ ಕಣ್ಮರೆಯಾಗುವಂಥದು, ಅದರಲ್ಲಿನ ವಸ್ತುಗಳು ಪಕ್ಕಪಕ್ಕದಲ್ಲಿ ನಿಲ್ಲದೆ ಪದರಪದರವಾಗಿ ಕೂಡುತ್ತವೆ, ತಳದ ಪದರ ವರ್ಷಗಟ್ಟಲೆ ಬೆಳಕು ಕಾಣುವುದಿಲ್ಲ. ಆದ್ದರಿಂದ ಖಾನೆ ಆಳವಾದಷ್ಟೂ ಸಮಸ್ಯೆ ಹೆಚ್ಚು. ಚಿಲ್ಲರೆ ವಸ್ತುಗಳಿಗೆ ನಾಲ್ಕು ಬೆರಳು ಎತ್ತರದ ಖಾನೆ ಸಾಲುತ್ತದೆ. ಗೇಣುದ್ದ ಆಳದ ಡ್ರಾಯರನ್ನು ಇದಕ್ಕೆ ಮೀಸಲಿಡುವುದು ಮನೆ ಕಟ್ಟಿಸುವಾಗಲೇ ಮಾಡಿಕೊಳ್ಳುವ ತಪ್ಪು.

ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿದ ವಿದ್ವಾಂಸರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಅವರನ್ನು ಮೊದಲು ಹೆಸರಿಸಬೇಕು. 1966ರಲ್ಲಿ ಪ್ರಕಟವಾದ ಶುದ್ಧಿ-ಮೈಲಿಗೆಗಳ ಕುರಿತ ತಮ್ಮ ಗ್ರಂಥದಲ್ಲಿ ಅವರು ಕೊಳೆ ಎಂಬುದು ವಸ್ತುವಿನ ಸ್ವಭಾವವಲ್ಲ, ಅದು ಇರಬೇಕಾದ ಸ್ಥಳದಲ್ಲಿ ಇಲ್ಲದಿರುವುದರಿಂದ ಹುಟ್ಟುವ ಸ್ಥಿತಿ ಎಂಬ ವಾದವನ್ನು ಬೆಳೆಸಿದರು. ಊಟದ ಮೇಜಿನ ಮೇಲಿನ ಸ್ಕ್ರೂಡ್ರೈವರ್ ಅಸಹ್ಯವೆನಿಸಿ ಸಲಕರಣೆಯ ಡಬ್ಬಿಯಲ್ಲಿನ ಅದೇ ಸ್ಕ್ರೂಡ್ರೈವರ್ ಸಹಜವೆನಿಸುವುದು ಇದಕ್ಕೆ ಸುಲಭ ನಿದರ್ಶನ. ಚಿಲ್ಲರೆ ಖಾನೆಯ ವಿಚಿತ್ರವೆಂದರೆ ಅದು ಸ್ಥಳ ತಪ್ಪಿದ ವಸ್ತುಗಳಿಗೆಂದೇ ಮನೆಯವರು ಒಪ್ಪಿಕೊಂಡ ಸ್ಥಳ. ಉಳಿದ ಮನೆ ಓರಣವಾಗಿ ಕಾಣುವುದು ಇದರ ದಯೆಯಿಂದಲೇ. ಎರಡನೆಯದಾಗಿ, ಮೈಕೆಲ್ ಥಾಂಪ್ಸನ್ 1979ರ ತಮ್ಮ ಕಸದ ಸಿದ್ಧಾಂತದಲ್ಲಿ ವಸ್ತುಗಳನ್ನು ಮೂರು ದಶೆಗಳಲ್ಲಿ ನೋಡಿದರು: ದಿನಕಳೆದಂತೆ ಬೆಲೆ ಇಳಿಯುವ ತಾತ್ಕಾಲಿಕ ವಸ್ತು, ಬೆಲೆ ಏರುವ ಶಾಶ್ವತ ವಸ್ತು, ಇವೆರಡರ ನಡುವೆ ಬೆಲೆಯೇ ಇಲ್ಲದ ಕಸ. ತಾತ್ಕಾಲಿಕ ವಸ್ತುವೊಂದು ನೇರವಾಗಿ ಶಾಶ್ವತದ ಅಂತಸ್ತಿಗೆ ಏರಲಾರದು, ನಡುವೆ ಯಾರೂ ಗಮನಿಸದ ಶೂನ್ಯಕಾಲವೊಂದನ್ನು ಅದು ಹಾದುಹೋಗಲೇಬೇಕು ಎಂಬುದು ಅವರ ಮುಖ್ಯ ಮಾತು. ಅಜ್ಜನ ಶಾಯಿ ಪೆನ್ನು, ಹಿತ್ತಾಳೆಯ ಬೀಗ, ಹಳೆಯ ಕೈಗಡಿಯಾರ ಇಂಥ ವಸ್ತುಗಳು ಮನೆಯಲ್ಲಿ ಆ ಶೂನ್ಯಕಾಲವನ್ನು ಕಳೆಯುವುದು ಚಿಲ್ಲರೆ ಖಾನೆಯಲ್ಲೇ. ಆದರೆ ಇದನ್ನೇ ನೆಪಮಾಡಿಕೊಂಡು ಎಲ್ಲವನ್ನೂ ಉಳಿಸಿಕೊಳ್ಳುವುದು ಥಾಂಪ್ಸನ್ನರಿಗೆ ಮಾಡುವ ಅನ್ಯಾಯ, ಏಕೆಂದರೆ ಕಸದ ದಶೆಗೆ ಇಳಿದ ವಸ್ತುಗಳಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತವೆ.

ಗ್ರಂಥಾಲಯ ವಿಜ್ಞಾನ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ, ಮತ್ತು ಆ ವಿಜ್ಞಾನದ ಒಂದು ಮುಖ್ಯ ಕವಲಿಗೆ ಬೆಂಗಳೂರಿನ ಸಂಬಂಧವೂ ಇದೆ. ಶಿಯಾಳಿ ರಾಮಾಮೃತ ರಂಗನಾಥನ್ 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನು, 1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. ಬದುಕಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅದುವರೆಗಿನ ಪ್ರಸಿದ್ಧ ಪದ್ಧತಿಯಾದ ಮೆಲ್ವಿಲ್ ಡ್ಯೂಯಿಯ 1876ರ ದಶಮಾಂಶ ವರ್ಗೀಕರಣ ಜ್ಞಾನವನ್ನೆಲ್ಲ ಮೊದಲೇ ಹಂಚಿಟ್ಟ ಮನೆಗಳಲ್ಲಿ ಕೂರಿಸುತ್ತಿತ್ತು. ರಂಗನಾಥನ್ ಅದರ ಬದಲು ಒಂದೊಂದು ವಿಷಯಕ್ಕೂ ಹಲವು ಮುಖಗಳಿವೆ, ಅಂದರೆ ಅದು ಯಾವುದು, ಯಾವುದರಿಂದಾದದ್ದು, ಯಾವ ಕ್ರಿಯೆಗೆ ಸಂಬಂಧಿಸಿದ್ದು, ಎಲ್ಲಿಯದು, ಯಾವಾಗಿನದು ಎಂಬ ಐದು ದಿಕ್ಕುಗಳಿಂದ ಅದನ್ನು ಹುಡುಕಬಹುದು ಎಂದು ತೋರಿಸಿದರು. ಮನೆಯ ಖಾನೆಗೆ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ. ಕತ್ತರಿಯನ್ನು ಲೋಹದ ಸಾಮಾನೆಂದು ಮೊಳೆ-ಸ್ಕ್ರೂಗಳ ಜೊತೆಗೂ ಇಡಬಹುದು, ಕತ್ತರಿಸುವ ಕ್ರಿಯೆಯ ದೃಷ್ಟಿಯಿಂದ ಬ್ಲೇಡಿನ ಜೊತೆಗೂ ಇಡಬಹುದು, ಹೊಲಿಗೆಯ ಕೆಲಸದ ದೃಷ್ಟಿಯಿಂದ ಸೂಜಿ-ದಾರದ ಜೊತೆಗೂ ಇಡಬಹುದು, ಹಾಲಿನ ಪೊಟ್ಟಣ ತೆರೆಯುವ ಜಾಗದಲ್ಲಿ ಗೂಟಕ್ಕೂ ತೂಗುಹಾಕಬಹುದು. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಉತ್ತರ ವಸ್ತುವಿನಲ್ಲಿಲ್ಲ, ಅದನ್ನು ಹುಡುಕುವವರ ಮನಸ್ಸಿನಲ್ಲಿದೆ. ಓದುಗರ ಸಮಯವನ್ನು ಉಳಿಸಬೇಕೆಂಬ ನಾಲ್ಕನೆಯ ಸೂತ್ರದ ತಾತ್ಪರ್ಯವೂ ಇದೇ: ವಿಂಗಡಣೆಯ ಒಳ್ಳೆಯತನವನ್ನು ಅಳೆಯುವುದು ನೋಟದ ಅಂದದಿಂದಲ್ಲ, ಬೇಕಾದದ್ದು ಕೈಗೆ ಸಿಗುವ ವೇಗದಿಂದ. ಕಾರ್ಖಾನೆಗಳ ಕೈಚಲನೆಯನ್ನು ಅಧ್ಯಯನ ಮಾಡಿದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ದುಡಿಮೆಯನ್ನು ಅದರ ಮೂಲ ಚಲನೆಗಳಾಗಿ ಬಿಡಿಸಿದಾಗ ಹುಡುಕುವುದನ್ನೂ ಆರಿಸುವುದನ್ನೂ ಪ್ರತ್ಯೇಕ ಚಲನೆಗಳಾಗಿ ಗುರುತಿಸಿದ್ದರು. ಚಿಲ್ಲರೆ ಖಾನೆಯ ಮುಂದೆ ಬಗ್ಗಿ ನಿಂತವರ ಶ್ರಮ ಬಹುಮಟ್ಟಿಗೆ ಈ ಎರಡರಲ್ಲೇ ವ್ಯಯವಾಗುತ್ತದೆ.

ವರ್ಗೀಕರಣದ ಸಾಮಾಜಿಕ ಪರಿಣಾಮಗಳ ಬಗ್ಗೆ 1999ರಲ್ಲಿ ಪುಸ್ತಕ ಬರೆದ ಜೆಫ್ರಿ ಬೌಕರ್ ಮತ್ತು ಸೂಸನ್ ಲೀ ಸ್ಟಾರ್ ಇದಕ್ಕೆ ಮತ್ತೊಂದು ಮಾತನ್ನು ಸೇರಿಸುತ್ತಾರೆ: ಎಷ್ಟೇ ನಿಷ್ಕೃಷ್ಟವಾದ ಪಟ್ಟಿಯಲ್ಲೂ ‘ಇತರೆ’ ಎಂಬ ಶೇಷವರ್ಗವೊಂದು ಉಳಿದೇ ಉಳಿಯುತ್ತದೆ. ಸರ್ಕಾರಿ ಅರ್ಜಿಯ ಕೊನೆಯ ಸಾಲಿನಲ್ಲೂ ಜಮಾಖರ್ಚಿನ ಪುಸ್ತಕದಲ್ಲೂ ಅದಿದೆ. ಚಿಲ್ಲರೆ ಖಾನೆಯನ್ನು ಪೂರ್ತಿ ಇಲ್ಲವಾಗಿಸುತ್ತೇವೆಂದು ಹೊರಡುವ ಸಲಹೆಗಾರರು ಈ ಅಂಶವನ್ನು ಮರೆತವರು.

ವಸ್ತುಗಳನ್ನು ಬಿಡಲಾಗದ ಮನಸ್ಸಿನ ಬಗ್ಗೆ ಮನೋವಿಜ್ಞಾನ ಮತ್ತು ಅರ್ಥಶಾಸ್ತ್ರ ಎರಡೂ ಸಾಕಷ್ಟು ಹೇಳಿವೆ. ತನ್ನದಾದ ವಸ್ತುವಿಗೆ ಮನುಷ್ಯ ಇನ್ನೊಬ್ಬರು ಕೊಡಬಹುದಾದದ್ದಕ್ಕಿಂತ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬ ಪ್ರವೃತ್ತಿಗೆ ರಿಚರ್ಡ್ ಥೇಲರ್ 1980ರಲ್ಲಿ ಸ್ವಾಮ್ಯಪ್ರಭಾವ ಎಂಬರ್ಥದ ಹೆಸರು ಕೊಟ್ಟರು. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ಥೇಲರ್ ವಿದ್ಯಾರ್ಥಿಗಳ ಕೈಗೆ ಸಾಧಾರಣ ಕಾಫಿ ಮಗ್ಗುಗಳನ್ನು ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಮಗ್ಗು ಪಡೆದವರು ಅದನ್ನು ಮಾರಲು ಕೇಳಿದ ಬೆಲೆ ಪಡೆಯದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ರಸೆಲ್ ಬೆಲ್ಕ್ 1988ರ ತಮ್ಮ ಪ್ರಬಂಧದಲ್ಲಿ ಸೊತ್ತುಗಳು ವ್ಯಕ್ತಿತ್ವದ ವಿಸ್ತರಣೆಯಾಗುತ್ತವೆ ಎಂದು ವಾದಿಸಿದರು. ಈ ವಿವರಣೆಗಳು ತಮ್ಮಷ್ಟಕ್ಕೆ ಸರಿಯಾದರೂ ಭಾರತೀಯ ಮನೆಯ ಖಾನೆಗೆ ಅವನ್ನು ಹಾಗೆಯೇ ಹೊದಿಸುವುದು ಸಾಲದು. ಇಲ್ಲಿ ‘ಇರಲಿ, ಯಾವತ್ತಾದರೂ ಬೇಕಾಗುತ್ತೆ’ ಎಂಬ ಮಾತು ಬರಿಯ ವ್ಯಾಮೋಹದಿಂದ ಬರುವುದಲ್ಲ, ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಮಿಕ್ಸಿ ಜಾರಿನ ಕಪ್ಲರ್, ನಲ್ಲಿಯ ವಾಷರ್, ಕುಕ್ಕರಿನ ವಿಷಲ್, ಫ್ಯಾನಿನ ಕೆಪಾಸಿಟರ್, ಛತ್ರಿಯ ಕಡ್ಡಿ ಇವೆಲ್ಲ ರಿಪೇರಿಯಿಂದ ಆಯುಷ್ಯ ಹೆಚ್ಚಿಸಿಕೊಳ್ಳುವ ಸಾಧನಗಳ ಬಿಡಿಭಾಗಗಳು; ಅವುಗಳ ಬೆಲೆ ಕೆಲವೇ ರೂಪಾಯಿಯಾದರೂ ಸರಿಯಾದ ಅಳತೆಯದನ್ನು ಹುಡುಕಲು ಅರ್ಧ ದಿನ ಹೋಗಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳು ಬದುಕಿರುವುದೇ ಈ ಬಿಡಿಭಾಗಗಳ ಬೇಡಿಕೆಯಿಂದ. ಗ್ರಾಹಕರಿಗೆ ರಿಪೇರಿಯ ಹಕ್ಕಿರಬೇಕೆಂಬ ಚರ್ಚೆ ಅಧಿಕೃತವಾಗಿ ಮೊದಲಾಗಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸುವ ಎಷ್ಟೋ ಮುಂಚೆಯೇ ಗೃಹಿಣಿಯರು ಆ ಹಕ್ಕನ್ನು ಒಂದು ಡ್ರಾಯರಿನ ಮೂಲಕ ಚಲಾಯಿಸುತ್ತಿದ್ದರು. ಹಾಗಾಗಿ ಕೂಡಿಡುವುದೆಲ್ಲ ದೌರ್ಬಲ್ಯವೆಂಬ ತೀರ್ಪು ಒಪ್ಪತಕ್ಕದ್ದಲ್ಲ. ಒಪ್ಪತಕ್ಕ ಆಕ್ಷೇಪ ಬೇರೆಯದು: ಬಿಡಿಭಾಗ ಉಳಿದು ಅದರ ಸಾಧನ ಮನೆಬಿಟ್ಟು ಹೋಗಿರುತ್ತದೆ. ಮೂರು ವರ್ಷದ ಹಿಂದೆ ಗುಜರಿಗೆ ಹಾಕಿದ ಮಿಕ್ಸಿಯ ಕಪ್ಲರ್ ಇಂದಿಗೂ ಖಾನೆಯಲ್ಲಿದ್ದರೆ ಅದು ಮುಂಜಾಗ್ರತೆಯಲ್ಲ.

ಚೊಕ್ಕಟದ ಪದ್ಧತಿಗಳಲ್ಲಿ ಹೆಚ್ಚು ಹೆಸರು ಮಾಡಿದವು ಜಪಾನಿನವು. ಯಮಶಿತ ಹಿದೆಕೊ 2009ರ ಪುಸ್ತಕದಿಂದ ಜನಪ್ರಿಯಗೊಳಿಸಿದ ದನ್‌ಶರಿ ಪದ್ಧತಿ ಹೊಸದನ್ನು ತಡೆಯುವುದು, ಬೇಡದ್ದನ್ನು ಬಿಡುವುದು, ಅಂಟಿನಿಂದ ದೂರ ಸರಿಯುವುದು ಎಂಬ ಮೂರು ಮೆಟ್ಟಿಲುಗಳದ್ದು. 2014ರಲ್ಲಿ ಇಂಗ್ಲಿಷಿಗೆ ಬಂದ ಪುಸ್ತಕದಿಂದಲೂ 2019ರ ನೆಟ್‌ಫ್ಲಿಕ್ಸ್ ಸರಣಿಯಿಂದಲೂ ಮನೆಮಾತಾದ ಮರಿ ಕೊಂಡೊ, ವಸ್ತುಗಳನ್ನು ಕೋಣೆಯ ಪ್ರಕಾರ ನೋಡದೆ ಬಟ್ಟೆ, ಪುಸ್ತಕ, ಕಾಗದಪತ್ರ, ಚಿಲ್ಲರೆ, ನೆನಪಿನ ವಸ್ತು ಎಂಬ ಕ್ರಮದಲ್ಲಿ ಒಟ್ಟುಗೂಡಿಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಅದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕೆನ್ನುತ್ತಾರೆ. ಬಟ್ಟೆಯ ಕಪಾಟಿಗೆ ಈ ಪ್ರಶ್ನೆ ಒಪ್ಪುತ್ತದೆ. ಗ್ಯಾಸ್ ಪೈಪಿನ ಕ್ಲಿಪ್ಪನ್ನು ಹಿಡಿದು ಈ ಪ್ರಶ್ನೆ ಕೇಳಿಕೊಂಡರೆ ಉತ್ತರ ಬರುವುದು ಕಷ್ಟ. ಕೊಂಡೊ ಅವರೂ ಉಪಯೋಗದ ವಸ್ತುಗಳಿಗೆ ವಿನಾಯಿತಿ ಕೊಡುತ್ತಾರಾದರೂ ಅವರ ಅನುಯಾಯಿಗಳ ಉತ್ಸಾಹದಲ್ಲಿ ಆ ವಿನಾಯಿತಿ ಮರೆತುಹೋಗಿದೆ. ಸ್ವೀಡನ್ನಿನ ಮಾರ್ಗರೆತಾ ಮ್ಯಾಗ್ನುಸನ್ 2017ರಲ್ಲಿ ಪರಿಚಯಿಸಿದ, ಸಾವಿಗೆ ಮುನ್ನ ತನ್ನ ಸಾಮಾನನ್ನು ತಾನೇ ಹಗುರಗೊಳಿಸಿಕೊಳ್ಳುವ ವಾಡಿಕೆ ಹಿರಿಯರಿಗೆ ತೂಕದ ಮಾತು, ಆದರೆ ಅದು ಡ್ರಾಯರಿಗಿಂತ ಅಟ್ಟಕ್ಕೆ ಹೆಚ್ಚು ಸಲ್ಲುತ್ತದೆ.

ಖಾನೆಗೆ ನಿಜವಾಗಿ ಒದಗುವುದು ಮನೆಗಾಗಿ ಹುಟ್ಟದ ಎರಡು ಪದ್ಧತಿಗಳು. ಜಪಾನಿನ ಕಾರ್ಖಾನೆಗಳಿಂದ ಬಂದು ಕರ್ನಾಟಕದ ಕೈಗಾರಿಕಾ ಪ್ರದೇಶಗಳ ಗೋಡೆಬರಹಗಳಲ್ಲೂ ಕಾಣುವ ‘ಐದು ಎಸ್’ ಪದ್ಧತಿ ಮೊದಲನೆಯದು: ಬೇಡದ್ದನ್ನು ಬೇರ್ಪಡಿಸುವುದು, ಉಳಿದದ್ದಕ್ಕೆ ಸ್ಥಾನ ಗೊತ್ತುಮಾಡುವುದು, ಶುಚಿಗೊಳಿಸುವುದು, ಕ್ರಮವನ್ನು ಎಲ್ಲರಿಗೂ ಒಂದೇ ಬಗೆಯಲ್ಲಿ ತಿಳಿಯಪಡಿಸುವುದು, ಅದನ್ನು ಅಭ್ಯಾಸವಾಗಿ ಉಳಿಸುವುದು ಎಂಬ ಐದು ಹಂತಗಳಿಗೆ ರೋಮನ್ ಲಿಪಿಯಲ್ಲಿ ಎಸ್ ಅಕ್ಷರದಿಂದ ಆರಂಭವಾಗುವ ಜಪಾನೀ ಹೆಸರುಗಳಿವೆ. ಇದರಲ್ಲಿನ ಕೆಂಪುಚೀಟಿಯ ಉಪಾಯ ವಿಶೇಷ ಗಮನಾರ್ಹ. ಬೇಕೋ ಬೇಡವೋ ಎಂದು ಸಂಶಯವಿರುವ ವಸ್ತುವಿಗೆ ದಿನಾಂಕ ಬರೆದ ಕೆಂಪು ಚೀಟಿ ಕಟ್ಟಿ ಪ್ರತ್ಯೇಕ ಜಾಗದಲ್ಲಿಡುತ್ತಾರೆ, ಗೊತ್ತಾದ ಅವಧಿಯೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಅದನ್ನು ಹೊರಹಾಕುತ್ತಾರೆ. ನಿರ್ಧಾರವನ್ನು ಮುಂದೂಡುವ ಮನುಷ್ಯ ಸ್ವಭಾವವನ್ನು ಇದು ಹಳಿಯುವುದಿಲ್ಲ, ಮುಂದೂಡಿಕೆಗೆ ಒಂದು ಗಡುವು ಹಾಕುತ್ತದೆ ಅಷ್ಟೇ. ಎರಡನೆಯದು ಅರ್ಥಶಾಸ್ತ್ರಜ್ಞ ನೊಗುಚಿ ಯುಕಿಯೊ 1993ರಲ್ಲಿ ಕಾಗದಪತ್ರಗಳಿಗೆಂದು ಸೂಚಿಸಿದ ಕ್ರಮ. ಅದರಲ್ಲಿ ವಿಷಯವಾರು ವಿಂಗಡಣೆಯೇ ಇಲ್ಲ. ಬಳಸಿದ ಲಕೋಟೆಯನ್ನು ಪ್ರತಿಸಲ ಸಾಲಿನ ಒಂದೇ ತುದಿಗೆ ಸೇರಿಸುತ್ತ ಹೋದರೆ ಬಳಕೆಯಿಲ್ಲದವು ತಾವಾಗಿಯೇ ಇನ್ನೊಂದು ತುದಿಗೆ ಸರಿಯುತ್ತವೆ. ಚಿಲ್ಲರೆ ಖಾನೆಯಲ್ಲಿ ಬಳಸಿದ್ದನ್ನೆಲ್ಲ ಮುಂಭಾಗಕ್ಕೇ ಹಿಂದಿರುಗಿಸುವ ರೂಢಿಯೊಂದನ್ನು ಮಾಡಿಕೊಂಡರೆ ವರ್ಷಾಂತ್ಯಕ್ಕೆ ಹಿಂಭಾಗದಲ್ಲಿ ಉಳಿದದ್ದು ಏನೆಂಬುದೇ ಅರ್ಧ ತೀರ್ಪು ಕೊಡುತ್ತದೆ.

ಖಾನೆಯೊಳಗಿನ ವಸ್ತುಗಳನ್ನು ಒಂದೊಂದಾಗಿ ನೋಡಿದಾಗ ಮಾತ್ರ ಈ ಸಾಮಾನ್ಯ ತತ್ವಗಳಿಗೆ ಅರ್ಥ ಬರುತ್ತದೆ. ಮೊದಲು ನೋಡಬೇಕಾದದ್ದು ಸೆಲ್ಲುಗಳನ್ನು, ಏಕೆಂದರೆ ಖಾನೆಯಲ್ಲಿ ಅಪಾಯವಿರುವುದು ಮುಖ್ಯವಾಗಿ ಅಲ್ಲಿ. ಕ್ಯಾಮೆರಾ, ಟಾರ್ಚುಗಳಲ್ಲಿ ನಿಂತುಹೋದ 1.5 ವೋಲ್ಟಿನ ಸೆಲ್ಲು ಬಹಳ ಕಡಿಮೆ ವಿದ್ಯುತ್ ಬೇಡುವ ಗೋಡೆ ಗಡಿಯಾರದಲ್ಲೋ ರಿಮೋಟಿನಲ್ಲೋ ಇನ್ನೂ ತಿಂಗಳುಗಟ್ಟಲೆ ನಡೆಯಬಹುದು. ಅರೆಜೀವದ ಸೆಲ್ಲನ್ನು ಎಸೆಯದೆ ಇಡುವ ಮನೆಯವರ ವಾಡಿಕೆಗೆ ಇಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಹೊಸದು ಹಳೆಯದು ಬೆರೆತುಹೋದರೆ ಯಾವುದರಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯದು, ಹಳೆಯವು ಸೋರಿ ಕ್ಷಾರದ್ರವ ಹೊರಬಂದು ಪಕ್ಕದ ವಸ್ತುಗಳನ್ನು ಕೊರೆಯುತ್ತದೆ. ಆಯತಾಕಾರದ 9 ವೋಲ್ಟಿನ ಬ್ಯಾಟರಿಯ ಎರಡು ಧ್ರುವಗಳೂ ಒಂದೇ ಮುಖದಲ್ಲಿರುವುದರಿಂದ ಕೀಲಿಗೊಂಚಲೋ ನಾಣ್ಯವೋ ಪಾತ್ರೆ ಉಜ್ಜುವ ಉಕ್ಕಿನ ನಾರೋ ಅದಕ್ಕೆ ತಗುಲಿದರೆ ವಿದ್ಯುತ್ ನೇರವಾಗಿ ಹರಿದು ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಧ್ರುವಗಳ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿಡುವುದು ಕಡ್ಡಾಯ. ಎಲ್ಲಕ್ಕಿಂತ ಗಂಭೀರವಾದದ್ದು ಕಾರಿನ ಕೀಲಿ, ತೂಕದ ಯಂತ್ರ, ಆಟಿಕೆಗಳಲ್ಲಿ ಬಳಸುವ ಗುಂಡಿ ಸೆಲ್ಲು. ಸಿಆರ್2032 ಎಂದು ನಮೂದಾಗಿರುವ ಬಿಲ್ಲೆಯ ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಆ ಅಂಕಿಗಳ ಅರ್ಥವೇ ಅದು. ಈ ಗಾತ್ರದ ಲಿಥಿಯಂ ಬಿಲ್ಲೆಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ತೇವದ ಮೂಲಕ ವಿದ್ಯುತ್ ಹರಿದು ಅಲ್ಲಿ ತೀಕ್ಷ್ಣ ಕ್ಷಾರ ಉಂಟಾಗಿ ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲದು. ಸತ್ತ ಸೆಲ್ಲೆಂದು ಮನೆಯವರು ಭಾವಿಸಿದ ಬಿಲ್ಲೆಯಲ್ಲೂ ಈ ಅನಾಹುತಕ್ಕೆ ಸಾಕಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಚಾರ್ಜರು ಮತ್ತು ತಂತಿಗಳು ಜಾಗ ತಿನ್ನುವುದರಲ್ಲಿ ಮುಂದು. ನೋಕಿಯಾದ ತೆಳು ಪಿನ್ನಿನಿಂದ ಮೈಕ್ರೋ ಯುಎಸ್‌ಬಿಗೆ, ಅಲ್ಲಿಂದ ಟೈಪ್-ಸಿಗೆ ಫೋನುಗಳು ಸಾಗಿದಂತೆಲ್ಲ ಹಿಂದಿನ ತಲೆಮಾರಿನ ತಂತಿಗಳು ಖಾನೆಯಲ್ಲೇ ಉಳಿದವು. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿಯನ್ನು ಕಡ್ಡಾಯಗೊಳಿಸಿದ್ದು ಈ ಸಂಚಯವನ್ನು ಮುಂದೆಯಾದರೂ ತಗ್ಗಿಸಬಹುದು. ಇಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಮೋಡೆಮ್, ಸೆಟ್‌ಟಾಪ್ ಬಾಕ್ಸ್, ಸ್ಪೀಕರುಗಳ ಜೊತೆ ಬಂದ ಕಪ್ಪು ಅಡಾಪ್ಟರುಗಳ ವಿಷಯದಲ್ಲಿ. ಇವುಗಳ ಪಿನ್ನು ಒಂದೇ ಆಕಾರದ್ದಾಗಿದ್ದರೂ ಒಂದರ ಒತ್ತಡ 5 ವೋಲ್ಟ್, ಇನ್ನೊಂದರದು 12 ವೋಲ್ಟ್ ಇದ್ದು, ತಪ್ಪಿ ಸಿಕ್ಕಿಸಿದರೆ ಸಾಧನ ಸುಟ್ಟುಹೋಗುತ್ತದೆ. ಹೊಸ ಸಾಧನ ಮನೆಗೆ ಬಂದ ದಿನವೇ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಅಡಾಪ್ಟರಿಗೆ ಅಂಟಿಸಿದರೆ ಮುಂದಿನ ಗೊಂದಲ ತಪ್ಪುತ್ತದೆ. ಐದು ವರ್ಷ ಕಳೆದ ಮೇಲೆ ಅದನ್ನು ಪತ್ತೆಹಚ್ಚುವುದು ಬಹಳ ಶ್ರಮದ ಕೆಲಸ. ಉಬ್ಬಿಕೊಂಡ ಫೋನ್ ಬ್ಯಾಟರಿ ಕಂಡರೆ ಅದನ್ನು ಒತ್ತದೆ, ಚುಚ್ಚದೆ, ಅಂದೇ ಖಾನೆಯಿಂದ ಹೊರಗಿಟ್ಟು ಇ-ತ್ಯಾಜ್ಯಕ್ಕೆ ಕೊಡಬೇಕು.

ಹಣದ ಚೂರುಪಾರುಗಳ ಬಗ್ಗೆ ಕಾನೂನಿನ ತಿಳಿವಳಿಕೆ ಬೇಕು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. 50 ಪೈಸೆ ಅಂಗಡಿಯವರು ನಿರಾಕರಿಸಿದರೂ ಕಾನೂನಿನ ದೃಷ್ಟಿಯಲ್ಲಿ ಚಲಾವಣೆಯಲ್ಲೇ ಇದೆ. 2016ರ ನವೆಂಬರಿನಲ್ಲಿ ರದ್ದಾದ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ಡೈರಿಯ ನಡುವೆ ಸಿಗುವುದುಂಟು; 2017ರ ಕಾಯ್ದೆಯ ಪ್ರಕಾರ ಅಂಥ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ದಂಡಾರ್ಹ, ಅಧ್ಯಯನಕ್ಕೆ ಅಥವಾ ನಾಣ್ಯಸಂಗ್ರಹದ ಹವ್ಯಾಸಕ್ಕೆ ಇಪ್ಪತ್ತೈದರ ಮಿತಿಯಿದೆ. ಅಲ್ಯುಮಿನಿಯಮ್ಮಿನ ಹತ್ತು ಪೈಸೆಗಳಿಗೆ ಭಾರೀ ಬೆಲೆ ಬರುತ್ತದೆಂಬ ಜಾಹೀರಾತುಗಳನ್ನು ನಂಬದಿರುವುದು ಒಳಿತು.

ಕಾಗದಗಳಲ್ಲಿ ಉಳಿಸಿಕೊಳ್ಳತಕ್ಕವು ಕಡಿಮೆ. ಅಂಗಡಿಯ ರಸೀದಿಗಳನ್ನು ಇಂದು ಮುದ್ರಿಸುವುದು ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಲೇಪನದ ಕಾಗದದ ಮೇಲೆ. ಬೆಳಕು, ಎಣ್ಣೆಯ ಕೈ, ಪ್ಲಾಸ್ಟಿಕ್ ಹೊದಿಕೆ ಯಾವುದು ತಗುಲಿದರೂ ಅಕ್ಷರ ಮಾಸುತ್ತದೆ, ವಾರಂಟಿ ಮುಗಿಯುವ ಮುನ್ನ ರಸೀದಿ ಬಿಳಿಯಾಗಿರುತ್ತದೆ. ತಂದ ದಿನವೇ ಫೋಟೊ ತೆಗೆದಿಡುವುದೊಂದೇ ದಾರಿ. ಆಧಾರ್, ಪ್ಯಾನ್ ಕಾರ್ಡುಗಳ ಹೆಚ್ಚುವರಿ ಜೆರಾಕ್ಸ್ ಪ್ರತಿಗಳು ಖಾನೆಯಲ್ಲಿ ಉಳಿದರೆ ತೊಂದರೆಯಿಲ್ಲ, ಹಾಗೆಯೇ ಗುಜರಿಗೆ ಹೋದರೆ ತೊಂದರೆ. ಚೂರುಚೂರಾಗಿ ಹರಿದೇ ಹೊರಹಾಕಬೇಕು. ಮಾತ್ರೆಯ ಪಟ್ಟಿಯನ್ನು ಕತ್ತರಿಸುವಾಗ ಅವಧಿ ಮುಗಿಯುವ ದಿನಾಂಕವಿರುವ ತುದಿಯನ್ನು ಕೊನೆಯವರೆಗೂ ಉಳಿಸಬೇಕು. ದಿನಾಂಕವಿಲ್ಲದ, ಹೆಸರು ತುಂಡಾದ ಮಾತ್ರೆಯನ್ನು ಅಂದಾಜಿನ ಮೇಲೆ ನುಂಗುವುದು ಸಲ್ಲದು. ರಬ್ಬರಿನ ವಸ್ತುಗಳಿಗೂ ಆಯುಷ್ಯವಿದೆ: ಗಾಳಿಯ ಆಮ್ಲಜನಕ ಮತ್ತು ಓಜೋನಿನಿಂದ ರಬ್ಬರ್ ಕಾಲಕ್ರಮದಲ್ಲಿ ಗಡುಸಾಗುತ್ತದೆ ಇಲ್ಲವೇ ಅಂಟಂಟಾಗುತ್ತದೆ, ಆದ್ದರಿಂದ ಒಂದು ಹಿಡಿಗಿಂತ ಹೆಚ್ಚು ರಬ್ಬರ್ ಬ್ಯಾಂಡು ಕೂಡಿಟ್ಟು ಪ್ರಯೋಜನವಿಲ್ಲ, ಬಿಗಿದು ಗಟ್ಟಿಯಾದ ಹಳೆಯ ಗ್ಯಾಸ್ಕೆಟ್ಟು ತುರ್ತಿಗೂ ಒದಗುವುದಿಲ್ಲ. ಕೀಲಿಗಳನ್ನು ಮನೆಯ ಎಲ್ಲ ಬೀಗಗಳಿಗೂ ಒಮ್ಮೆ ಹಾಕಿ ನೋಡಿ, ಹೊಂದಿದವಕ್ಕೆ ಚೀಟಿ ಕಟ್ಟಿ, ಹೊಂದದವನ್ನು ಕೆಂಪುಚೀಟಿಯ ವಸ್ತುಗಳ ಸಾಲಿಗೆ ಸೇರಿಸಬಹುದು. ಊರಿನ ಮನೆಯ ಕೀಲಿಯೂ ಅದರಲ್ಲಿರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ವಿಂಗಡಣೆಯ ಕೆಲಸ ಮುಗಿಯಲು ಒಂದು ಮಧ್ಯಾಹ್ನ ಸಾಕು. ಖಾನೆಯನ್ನು ಕಳಚಿ ಹಳೆಯ ಪತ್ರಿಕೆಯ ಮೇಲೆ ಸುರಿದು, ವಸ್ತುಗಳನ್ನು ಅವುಗಳ ಜಾತಿಯ ಬದಲು ಅವು ಒದಗುವ ಕೆಲಸದ ಪ್ರಕಾರ ಗುಂಪುಮಾಡಿದರೆ ಖಾನೆಯ ನಿಜಸ್ವರೂಪ ಹೊರಬೀಳುತ್ತದೆ: ಕರೆಂಟು ಹೋದಾಗ ಬೇಕಾದ ಟಾರ್ಚು, ಮೇಣದಬತ್ತಿ, ಬೆಂಕಿಪೊಟ್ಟಣ, ಫ್ಯೂಸ್ ತಂತಿ ಒಂದು ಗುಂಪು, ಪಾರ್ಸಲ್ ಕಟ್ಟಲು ಬೇಕಾದ ಟೇಪು, ದಾರ, ಪೆನ್ನು, ಕತ್ತರಿ ಒಂದು ಗುಂಪು, ಅಡುಗೆಮನೆಯ ಸಾಧನಗಳ ಬಿಡಿಭಾಗಗಳು ಇನ್ನೊಂದು. ಈ ಗುಂಪುಗಳಲ್ಲಿ ಕೆಲವು ತಮ್ಮ ಕೆಲಸ ನಡೆಯುವ ಜಾಗಕ್ಕೇ ಹೋಗಿ ಸೇರುತ್ತವೆ, ಗ್ಯಾಸ್ಕೆಟ್ಟು ಕುಕ್ಕರಿನ ಹತ್ತಿರ, ಸೂಜಿ-ದಾರ ಬಟ್ಟೆಯ ಬೀರುವಿಗೆ. ಉಳಿದವಕ್ಕೆ ದುಬಾರಿ ತಟ್ಟೆಗಳೇನೂ ಬೇಡ, ಸಿಹಿತಿಂಡಿಯ ಡಬ್ಬಿಯ ತಳ, ಬೆಂಕಿಪೊಟ್ಟಣದ ಖಾಲಿ ಗೂಡು, ಫೋನ್ ಬಂದ ರಟ್ಟಿನ ಪೆಟ್ಟಿಗೆ ಇವೇ ಒಳಗಿನ ಗೋಡೆಗಳಾಗಬಲ್ಲವು. ಡಬ್ಬಿಯನ್ನು ಕೊಳ್ಳುವುದಾದರೂ ವಿಂಗಡಿಸಿದ ಮೇಲೆ ಕೊಳ್ಳಬೇಕು. ಮೊದಲೇ ತಂದರೆ ಡಬ್ಬಿಯ ಅಳತೆಗೆ ವಸ್ತುಗಳನ್ನು ತುರುಕುವ ಪ್ರಸಂಗ ಬರುತ್ತದೆ. ಕೊನೆಯಲ್ಲಿ ಖಾನೆಯ ಕಾಲುಭಾಗದಷ್ಟು ಜಾಗವನ್ನು ಯಾವ ಹೆಸರೂ ಕೊಡದೆ ಖಾಲಿ ಬಿಡುವುದು ಅಗತ್ಯ, ಏಕೆಂದರೆ ನಾಳೆ ಮನೆಗೆ ಬರುವ ಯಾವುದೋ ಸ್ಕ್ರೂ ಆ ಶೇಷವರ್ಗವನ್ನು ಕೇಳುತ್ತದೆ.

ಹೊರಹಾಕಿದ್ದು ಎಲ್ಲಿಗೆ ಹೋಗಬೇಕೆಂಬುದನ್ನು ಪುಸ್ತಕಗಳು ಎರಡೇ ವಾಕ್ಯಗಳಲ್ಲಿ ಮುಗಿಸುತ್ತವೆ. ಕಬ್ಬಿಣ, ಹಿತ್ತಾಳೆ, ಕಾಗದಗಳಿಗೆ ಗುಜರಿ ಅಂಗಡಿ ಎಲ್ಲ ಊರಿನಲ್ಲೂ ಇದೆ, ಅದು ಕಸ ಒಯ್ಯುವುದಷ್ಟೇ ಅಲ್ಲದೆ ಹಣವನ್ನೂ ಕೊಡುತ್ತದೆ. ಸೆಲ್ಲು, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಪಾದರಸದ ಥರ್ಮಾಮೀಟರ್, ಇಂಜೆಕ್ಷನ್ ಸೂಜಿಗಳನ್ನು 2016ರ ಘನತ್ಯಾಜ್ಯ ನಿಯಮಗಳು ಗೃಹ ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿಯೇ ಗುರುತಿಸಿದ್ದವು. ಇವು ಹಸಿಕಸದೊಂದಿಗೂ ಒಣಕಸದೊಂದಿಗೂ ಸೇರುವಂತಿಲ್ಲ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳು ಮತ್ತು 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ವಿಸ್ತೃತ ಹೊಣೆ ಎಂಬ ತತ್ವವನ್ನು ಆಧರಿಸಿವೆ, ಅಂದರೆ ಬಳಕೆ ಮುಗಿದ ವಸ್ತುವಿನ ಸಂಸ್ಕರಣೆಯ ಭಾರ ಅದನ್ನು ತಯಾರಿಸಿ ಮಾರಿದವರದು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲೊಂದಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ಆದರೂ ಎರಡು ಹಳೆಯ ಚಾರ್ಜರು, ಆರು ಸೆಲ್ಲುಗಳಿಗಾಗಿ ಯಾರೂ ಅಷ್ಟು ದೂರ ಹೋಗಲಾರರು. ಮನೆಯಿಂದ ಘಟಕದವರೆಗಿನ ನಡುದಾರಿ ಸಣ್ಣ ಪಟ್ಟಣಗಳಲ್ಲಂತೂ ಬಹುಮಟ್ಟಿಗೆ ಇಲ್ಲ, ಖಾನೆಗಳಲ್ಲಿ ಇ-ತ್ಯಾಜ್ಯ ಉಳಿಯಲು ಮನೆಯವರ ಸೋಮಾರಿತನಕ್ಕಿಂತ ಇದೇ ಹೆಚ್ಚಿನ ಕಾರಣ. ಅಪಾರ್ಟ್‌ಮೆಂಟಿನ ಅಥವಾ ಬೀದಿಯ ಮನೆಗಳು ಸೇರಿ ಒಂದು ಡಬ್ಬಿ ಇಟ್ಟು, ತುಂಬಿದಾಗ ಕೊಡುವುದು ಸದ್ಯಕ್ಕೆ ನಡೆಯಬಲ್ಲ ವ್ಯವಸ್ಥೆ.

ಈ ದುಡಿಮೆ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆಯೂ ಉಳಿಯುತ್ತದೆ. ಲಾಸ್ ಏಂಜಲೀಸಿನ 32 ಮಧ್ಯಮವರ್ಗದ ಕುಟುಂಬಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ ಅಧ್ಯಯನ ಮಾಡಿದ್ದರು. ಆ ಸಾಮಗ್ರಿಯ ಆಧಾರದ ಮೇಲೆ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟಿ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನೆಯನ್ನು ಅಸ್ತವ್ಯಸ್ತವೆಂದು ಬಣ್ಣಿಸಿದ ಹೆಂಡತಿಯರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ದಿನನಿತ್ಯದ ಇಳಿತ ಸರಿಯಾಗಿ ಆಗುತ್ತಿರಲಿಲ್ಲವೆಂದು ತಿಳಿಸಿದರು. ಅವರ ಗಂಡಂದಿರಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ. ಅದು ಬೇರೆ ದೇಶದ ಸಣ್ಣ ಅಧ್ಯಯನವಾದರೂ, ಸೇಫ್ಟಿ ಪಿನ್ನು ಎಲ್ಲಿದೆ ಎಂಬ ಕೂಗು ಇಲ್ಲಿನ ಮನೆಗಳಲ್ಲೂ ಅಡುಗೆಮನೆಯ ಕಡೆಗೇ ಹೋಗುತ್ತದೆ. ಖಾನೆಯ ನಕ್ಷೆ ಒಬ್ಬಳ ನೆನಪಿನಲ್ಲಿ ಮಾತ್ರ ಇರುವವರೆಗೆ ಮನೆಯ ಉಳಿದವರಿಗೆ ಅದು ಗಲೀಜು, ಅವಳಿಗೆ ಅದು ನೌಕರಿ. ಚೀಟಿ ಅಂಟಿಸುವುದರ ನಿಜವಾದ ಲಾಭ ಇಲ್ಲಿದೆ. ಹಿರಿಯರ ಖಾನೆಯನ್ನು ಅವರಿಲ್ಲದಾಗ ಖಾಲಿ ಮಾಡುವುದು ಮಾತ್ರ ಯಾವ ಪದ್ಧತಿಯ ಹೆಸರಿನಲ್ಲೂ ಸಮರ್ಥನೀಯವಲ್ಲ. ಬಿಡಲಾರದಿರುವಿಕೆ ಮನೆಯ ಕೋಣೆಗಳನ್ನೇ ಬಳಕೆಗೆ ಬಾರದಂತೆ ತುಂಬಿಸುವ ಮಟ್ಟಕ್ಕೆ ಹೋದಾಗ ಅದನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದೆ. ಅದಕ್ಕೆ ಬೇಕಾದವರು ವೈದ್ಯರು. ಒಂದು ಡ್ರಾಯರ್ ತುಂಬಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಷ್ಟು ಸಲ ಈ ಕೆಲಸ ಮಾಡಬೇಕೆಂಬುದಕ್ಕೆ ಕರ್ನಾಟಕದ ಮನೆಗಳಲ್ಲಿ ಸಿದ್ಧ ಉತ್ತರವಿದೆ. ಆಯುಧಪೂಜೆಯಂದು ಕತ್ತರಿ, ಚಾಕು, ಸ್ಪ್ಯಾನರ್, ಸುತ್ತಿಗೆಗಳೆಲ್ಲ ತಮ್ಮ ಮೂಲೆಗಳಿಂದ ಹೊರಬಂದು ತೊಳೆಸಿಕೊಂಡು ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಅವು ಹೇಗೂ ಹೊರಗಿರುವ ಆ ಹೊತ್ತಿನಲ್ಲಿ ಖಾನೆಯನ್ನು ಸುರಿದು ನೋಡಿ, ಹಿಂದಿನ ವರ್ಷದ ಕೆಂಪುಚೀಟಿಗಳನ್ನು ಇತ್ಯರ್ಥಪಡಿಸುವುದು ಸುಲಭ. ವರ್ಷಕ್ಕೊಮ್ಮೆ ಮಾಡಿದರೆ ಸಾಕು, ಅದಕ್ಕಿಂತ ಹೆಚ್ಚಿನ ಗಮನಕ್ಕೆ ಈ ಖಾನೆ ಅರ್ಹವೂ ಅಲ್ಲ. ಆದರೆ ಐದು ವರ್ಷದೊಳಗಿನ ಮಕ್ಕಳು ಇರುವ ಅಥವಾ ಬಂದುಹೋಗುವ ಮನೆಗಳು ಗುಂಡಿ ಸೆಲ್ಲುಗಳನ್ನು ಹೊರತೆಗೆದು, ಎರಡೂ ಬದಿಗೆ ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡುವ ಕೆಲಸವನ್ನು ಹಬ್ಬದವರೆಗೆ ಕಾಯದೆ ಇಂದೇ ಮಾಡಬೇಕು, ಮತ್ತು ಮಗು ಅದನ್ನು ನುಂಗಿರಬಹುದೆಂಬ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.